ಕೆರೆಯಿಂದ ಗದ್ದೆಗಿಳಿಯುವ ಬಾತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸೊರಬ, ಶಿಕಾರಿಪುರ, ಸಾಗರದ ಕಡೆ ಕೆರೆ ಕೆಳಗೆ ಗದ್ದೆ ಮಾಡುವವರು ಬಾತು, ಹೆಬ್ಬಾತು, ಜಂಬುಕೋಳಿಗಳ ಕಾಟದ ಬಗ್ಗೆ ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿದ್ದಾರೆ. ಸಂತೆಯಲ್ಲಿ ಸಿಕ್ಕಾಗ, ಸೊಸೈಟಿ ಜಗಲಿಯಲ್ಲಿ ಕೂತಾಗ, ಫೋನಿನಲ್ಲಿ. ಇಬ್ಬರು ಹಿರಿಯರಂತೂ ಕಾಗದವನ್ನೇ ಬರೆದಿದ್ದರು. ನನ್ನದೂ ಕೆರೆಕೋಡಿಯ ಕೆಳಗಿನ ಗದ್ದೆ. ಒಂದು ಬೇಸಿಗೆ ಬೆಳೆಯಲ್ಲಿ ಐದು ಗುಂಟೆ ಸಸಿಮಡಿಯನ್ನು ಎರಡೇ ರಾತ್ರಿಯಲ್ಲಿ ಕಳೆದುಕೊಂಡ ಮೇಲೆ ಈ ಹಕ್ಕಿಗಳನ್ನು ಸರಿಯಾಗಿ ನೋಡಲು ಕಲಿತೆ. ಕೇಳಿದವರ ಮಾತನ್ನು ಆದಷ್ಟು ಅವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ.

## ಹಕ್ಕಿ ಯಾವುದು

ನಮ್ ಕೆರೆಗೆ ಸಂಜೆ ಹೊತ್ತಿಗೆ ಸಿಳ್ಳೆ ಹಾಕ್ತಾ ಗುಂಪುಗುಂಪಾಗಿ ಬರ್ತಾವಲ್ಲ, ಅವು ಕಾಡು ಹೆಬ್ಬಾತಾ?

ಅಲ್ಲ, ಅದು ಸಿಳ್ಳೆಬಾತು. ಕಂದು ಮೈ, ಉದ್ದ ಕುತ್ತಿಗೆ, ಅರ್ಧ ಕೆ.ಜಿ. ಆಸುಪಾಸು ತೂಕ. ಹಾರುವಾಗ ತಲೆ ಸ್ವಲ್ಪ ಕೆಳಗೆ ಬಾಗಿದಂತೆ ಕಾಣುತ್ತದೆ. ಹಗಲೆಲ್ಲ ಕೆರೆಯ ನಡುವೆಯೋ ಜೊಂಡಿನ ಅಂಚಿನಲ್ಲೋ ತೂಕಡಿಸುತ್ತಾ ಇದ್ದು, ಕತ್ತಲಾದ ಮೇಲೆ ಮೇವಿಗೆ ಹೊರಡುವ ಹಕ್ಕಿ ಇದು. ಎಲ್ಲಿಂದಲೋ ಬಂದದ್ದಲ್ಲ, ನಮ್ಮಲ್ಲೇ ಹುಟ್ಟಿ ಬೆಳೆಯುವಂಥದ್ದು. ಮಳೆಗಾಲದಲ್ಲಿ ಮರದ ಪೊಟರೆಯಲ್ಲಿ ಅಥವಾ ಬೇರೆ ಹಕ್ಕಿ ಬಿಟ್ಟುಹೋದ ಗೂಡಿನಲ್ಲಿ ಮೊಟ್ಟೆ ಇಡುತ್ತದೆ.

ಹೆಬ್ಬಾತು ಎಂದರೆ ಎರಡು-ಮೂರು ಕೆ.ಜಿ. ತೂಗುವ ದೊಡ್ಡ ಹಕ್ಕಿ. ನಮ್ಮ ರಾಜ್ಯಕ್ಕೆ ಚಳಿಗಾಲದಲ್ಲಿ ಬರುವುದು ಪಟ್ಟೆತಲೆ ಹೆಬ್ಬಾತು: ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಅಡ್ಡಲಾಗಿ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕಾಲು. ಒಮ್ಮೆ ನೋಡಿದವರು ಮತ್ತೆ ತಪ್ಪುವುದಿಲ್ಲ.

ನೇರಳೆ-ನೀಲಿ ಮೈ, ಕೆಂಪು ಕೊಕ್ಕು, ಕೆಂಪು ಹಣೆ, ಉದ್ದ ಕಾಲ್ಬೆರಳು ಇದ್ದರೆ ಅದು ಜಂಬುಕೋಳಿ. ಬಾತಿನ ಜಾತಿಯೇ ಅಲ್ಲ. ಆದರೆ ಕೆರೆ ಪಕ್ಕದ ಗದ್ದೆಗೆ ನಮ್ಮ ಕಡೆ ಅತಿ ಹೆಚ್ಚು ಪೆಟ್ಟು ಕೊಡುವುದು ಇದೇ. ಆದ್ದರಿಂದ ಇಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ.

ಹಂಗಾದ್ರೆ ಮಂಗೋಲಿಯಾದಿಂದ ಬರೋ ಹೆಬ್ಬಾತು ನಮ್ ಮಲೆನಾಡಿಗೆ ಬರೋದೇ ಇಲ್ವಾ?

ದಟ್ಟ ಕಾಡಿನ ಮಲೆನಾಡು ಅದಕ್ಕೆ ಹೇಳಿ ಮಾಡಿಸಿದ ಜಾಗವಲ್ಲ. ಅದಕ್ಕೆ ಬೇಕಾದದ್ದು ಸುತ್ತ ಬಯಲಿರುವ ದೊಡ್ಡ ಕೆರೆ, ದೂರದವರೆಗೆ ಕಣ್ಣು ಹಾಯಬೇಕು, ಹತ್ತಿರದಲ್ಲೇ ಹೊಲ ಇರಬೇಕು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. ಸುಮಾರು 50 ಹೆಕ್ಟೇರಿನ, ನೀರಾವರಿಗೆಂದು ಕಟ್ಟಿದ ಕೆರೆ ಅದು. ಪ್ರತಿ ಚಳಿಗಾಲ ಸಾವಿರಗಟ್ಟಲೆ ಹೆಬ್ಬಾತು ಅಲ್ಲಿಗೆ ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೈಸೂರು ಕಡೆ ಹದಿನಾರು ಕೆರೆಯೂ ಇವಕ್ಕೆ ಹೆಸರಾದದ್ದು.

ನಮ್ಮ ಜಿಲ್ಲೆಯಲ್ಲಿ ನೋಡಬೇಕೆಂದರೆ ಘಟ್ಟದ ಕಡೆಗಲ್ಲ, ಮೂಡಲ ಸೀಮೆಯತ್ತ, ಬಯಲಿಗೆ ತೆರೆದುಕೊಂಡ ದೊಡ್ಡ ಕೆರೆಗಳತ್ತ ಕಣ್ಣಿಡಬೇಕು. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಈ ಹಕ್ಕಿ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಉಪಗ್ರಹ ಸಾಧನ ಕಟ್ಟಿ ನೋಡಿದಾಗ ದಾಖಲಾಗಿದೆ. ಅಷ್ಟು ದೂರ ರೆಕ್ಕೆ ಬಡಿದು ಬಂದು ನಮ್ಮ ಕೂಳೆ ಗದ್ದೆಯಲ್ಲಿ ಕಾಳು ಹೆಕ್ಕುವುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹುಲ್ಲು ತಿನ್ನೋ ಹಕ್ಕಿ ಅಂತೀರಿ. ಕಾಡಲ್ಲಿ ಹುಲ್ಲಿಲ್ವಾ? ಬೆಳೆಗೇ ಯಾಕೆ ಬಾಯಿ ಹಾಕ್ಬೇಕು?

ಹೆಬ್ಬಾತು ದನದ ಹಾಗೆ ಮೇಯುತ್ತದೆ, ಆದರೆ ದನದ ಹೊಟ್ಟೆ ಅದಕ್ಕಿಲ್ಲ. ಮೆಲುಕು ಹಾಕುವುದಿಲ್ಲ, ನಾರನ್ನು ಹೆಚ್ಚು ಜೀರ್ಣಿಸಿಕೊಳ್ಳುವುದಿಲ್ಲ. ತಿಂದದ್ದು ಬೇಗನೆ ಹಿಕ್ಕೆಯಾಗಿ ಹೊರಬರುತ್ತದೆ. ಹೀಗಾಗಿ ಅದು ಹೊಟ್ಟೆ ತುಂಬಿಸಿಕೊಳ್ಳಲು ತುಂಬ ಹೊತ್ತು ಮೇಯಬೇಕು, ಇಲ್ಲವೇ ಕಡಿಮೆ ನಾರಿನ, ಸಾರ ಹೆಚ್ಚಿರುವ ಎಳೆಯ ಚಿಗುರನ್ನು ಹುಡುಕಬೇಕು. ಗೊಬ್ಬರ ಉಂಡ ನಮ್ಮ ಸಸಿಗಿಂತ ಮೆತ್ತಗಿನ ಚಿಗುರು ಕಾಡಿನಲ್ಲಿ ಎಲ್ಲಿ ಸಿಗಬೇಕು? ಬಲಿತ ಪೈರಿನ ಒರಟು ಎಲೆಯನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ.

ಸಿಳ್ಳೆಬಾತಿನ ಲೆಕ್ಕ ಬೇರೆ. ಅದು ಕೆಸರನ್ನು ಕೊಕ್ಕಿನಲ್ಲಿ ಜಾಲಿಸಿ ಕಾಳು ಹೆಕ್ಕುತ್ತದೆ. ನೀರು ನಿಂತ ಮಡಿಯಲ್ಲಿ ಎರಚಿದ ಮೊಳಕೆ ಭತ್ತ ಅದಕ್ಕೆ ಬಡಿಸಿಟ್ಟ ಎಲೆಯೇ.

ವರ್ಷಪೂರ್ತಿ ಕಾಯಕ್ಕಾಗಲ್ಲ. ಯಾವ ದಿನ ಕಾದ್ರೆ ಸಾಕು?

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದರಲ್ಲೇ ಇದೆ. ಹಕ್ಕಿಯ ಹಾನಿ ವರ್ಷವಿಡೀ ಆಗುವುದಿಲ್ಲ. ಭತ್ತದ ಆಯುಸ್ಸಿನಲ್ಲಿ ಮೂರೇ ಕಿಟಕಿಗಳು ತೆರೆದಿರುತ್ತವೆ.

ಮೊದಲನೆಯದು, ಬೀಜ ಎರಚಿದ ದಿನದಿಂದ ಸಸಿ ಬೇರು ಕಚ್ಚಿ ಹಸಿರಾಗುವ ತನಕ, ಹತ್ತು-ಹನ್ನೆರಡು ದಿನ. ಮುಂಗಾರಿಗೆ ಇದು ಜೂನ್‌ನಲ್ಲಿ ಬರುತ್ತದೆ, ಬೇಸಿಗೆ ಬೆಳೆಗೆ ಡಿಸೆಂಬರ್-ಜನವರಿಯಲ್ಲಿ. ಎರಡನೆಯದು, ನೆಟ್ಟಿ ಮುಗಿದ ಮೇಲಿನ ಎರಡು ವಾರ. ಜಂಬುಕೋಳಿ ಆಗ ಇಳಿಯುತ್ತದೆ. ಮೂರನೆಯದು, ಹೊಡೆ ಒಡೆದು ಕಾಳು ಹಾಲು ತುಂಬುವ ಹೊತ್ತು. ಆಗ ಬಾತಿಗಿಂತ ರಾಟವಾಳ, ಗಿಳಿ, ಗೀಜಗಗಳ ಕಾಟ ಜಾಸ್ತಿ. ಪಟ್ಟೆತಲೆ ಹೆಬ್ಬಾತು ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಹೊತ್ತಿಗೆ ಹೊರಟುಬಿಡುವುದರಿಂದ ಮುಂಗಾರು ಸಸಿಮಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ಒಂದು ಬೆಳೆಗೆ ಎಲ್ಲ ಸೇರಿ ನಲವತ್ತು-ನಲವತ್ತೈದು ದಿನ. ಅಷ್ಟನ್ನು ಗಟ್ಟಿಯಾಗಿ ಕಾಯಿರಿ. ಉಳಿದ ದಿನ ಹಕ್ಕಿ ಕಂಡರೆ ಕಲ್ಲು ಎತ್ತಬೇಕಾಗಿಲ್ಲ.

## ಹಾನಿಯನ್ನು ಓದುವುದು

ಬೆಳಗ್ಗೆ ಹೋಗಿ ನೋಡಿದ್ರೆ ಸಸಿ ಕತ್ತರಿಸಿ ನೀರ್ ಮೇಲೆ ತೇಲ್ತಿರುತ್ತೆ. ಬಾತಾ, ಇಲಿಯಾ, ಏಡಿಯಾ?

ಹಕ್ಕಿಯ ಮೇಲೆ ಹೊರಿಸುವ ಅಪವಾದದಲ್ಲಿ ಬಹಳಷ್ಟು ಇಲಿ, ಏಡಿಗೆ ಸೇರಬೇಕಾದದ್ದು. ಬಿಸಿಲೇರುವ ಮೊದಲೇ, ದನ-ಜನ ಓಡಾಡುವ ಮೊದಲೇ ಗದ್ದೆಗಿಳಿದು ಕೂತು ನೋಡಬೇಕು. ನಿಂತುಕೊಂಡು ನೋಡಿದರೆ ಏನೂ ಕಾಣುವುದಿಲ್ಲ.

ದಂಟು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕತ್ತಿಯಲ್ಲಿ ಓರೆಯಾಗಿ ಕೊಯ್ದ ಹಾಗೆ ತುಂಡಾಗಿದ್ದರೆ ಇಲಿ. ಇಲಿ ಹೆಚ್ಚಾಗಿ ಗದ್ದೆಯ ನಡುವಿನಿಂದ ಶುರು ಮಾಡುತ್ತದೆ, ಅಂಚಿನ ಸಾಲು ಚೆನ್ನಾಗಿಯೇ ಇರುತ್ತದೆ. ಎಳೆ ಸಸಿ ಬುಡದಲ್ಲೇ ಕತ್ತರಿಸಿ, ಹತ್ತಿರದ ಅಂಚಿನಲ್ಲಿ ಹಸಿ ಮಣ್ಣು ಹೊರಹಾಕಿದ ಬಿಲ ಇದ್ದರೆ ಏಡಿ.

ಜಂಬುಕೋಳಿ ಕತ್ತರಿಸುವುದಿಲ್ಲ, ಎಳೆಯುತ್ತದೆ. ತೆಂಡೆಯನ್ನು, ಅಂದರೆ ಬುಡದಿಂದ ಒಡೆದ ಮರಿದಂಟನ್ನು, ಕಿತ್ತು, ಒಂದು ಕಾಲಿನಲ್ಲಿ ನಾವು ಕಬ್ಬು ಹಿಡಿದ ಹಾಗೆ ಹಿಡಿದುಕೊಂಡು, ಬುಡದ ಬಿಳಿ ಮೆತ್ತನೆ ಭಾಗವನ್ನಷ್ಟೇ ತಿಂದು ಎಲೆಯನ್ನು ಬಿಸಾಡುತ್ತದೆ. ಹಾಗೆ ಬಿಸಾಡಿದ ಒಂದು ತೆಂಡೆಯನ್ನು ಎತ್ತಿ ನೋಡಿ. ಮೇಲಿನ ಹಸಿರು ಪೂರ್ತಿ ಇರುತ್ತದೆ, ಕೆಳಗಿನ ಎರಡು ಬೆರಳಷ್ಟು ಮಾತ್ರ ಜಗಿದು ನಾರು ನಾರಾಗಿರುತ್ತದೆ. ಕೆಸರಿನಲ್ಲಿ ಉದ್ದುದ್ದ ಬೆರಳಿನ ಗುರುತು ಇರುತ್ತದೆ, ಬೆರಳುಗಳ ನಡುವೆ ಪೊರೆಯ ಗುರುತು ಇರುವುದಿಲ್ಲ. ಹಾನಿ ಯಾವಾಗಲೂ ಜೊಂಡಿನ ಕಡೆಯ ಅಂಚಿನಿಂದ ಒಳಕ್ಕೆ ಸಾಗಿರುತ್ತದೆ.

ಸಿಳ್ಳೆಬಾತು ಬಂದ ಮಡಿ ಕಲಸಿದ ಹಾಗಿರುತ್ತದೆ. ಪೊರೆಗಾಲಿನ ಚಿಕ್ಕ ಮುದ್ರೆಗಳು ಒಂದರ ಮೇಲೊಂದು ಬಿದ್ದು, ನೀರು ಬದಿಯಲ್ಲೂ ರಾಡಿಯಾಗಿ, ನಡುನಡುವೆ ಬೀಜವೇ ಇಲ್ಲದ ಬೋಳು ತಟ್ಟೆಗಳಾಗಿರುತ್ತವೆ. ನನ್ನ ಐದು ಗುಂಟೆ ಹೋದ ಬೆಳಗ್ಗೆ ಕೆಸರಿಗೆ ಬೆರಳಿಟ್ಟು ಕೆದಕಿದಾಗ ಒಂದು ಅಂಗೈ ಅಗಲದಲ್ಲಿ ಮೂರೇ ಕಾಳು ಸಿಕ್ಕಿದ್ದವು, ಅವೂ ಮೊಳಕೆ ಮುರಿದವು. ಪಕ್ಕದಲ್ಲಿ ಒಂದು ಕಂದು ಪುಕ್ಕ ತೇಲುತ್ತಿತ್ತು.

ಹೆಬ್ಬಾತು ಮೇದ ಜಾಗದಲ್ಲಿ ಎಲೆಯ ತುದಿ ಮೊಟಕಾಗಿರುತ್ತದೆ, ಬುಡ ಉಳಿದಿರುತ್ತದೆ. ಕಿರುಬೆರಳಿನ ಗಾತ್ರದ, ಉದ್ದನೆಯ, ಒಂದು ತುದಿಯಲ್ಲಿ ಬಿಳಿ ಇರುವ ಹಿಕ್ಕೆ ಸಾಲಾಗಿ ಬಿದ್ದಿರುತ್ತದೆ. ಸಸಿಯನ್ನು ಬೇರುಸಮೇತ ಕಿತ್ತು, ಒಣ ನೆಲದಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆ ಇದ್ದರೆ ನವಿಲು.

ಅಧಿಕಾರಿಗಳು ಕೇಳಿದ್ರೆ ಎಷ್ಟು ಹಾನಿ ಅಂತ ಹೇಳೋದು? ಅಂದಾಜಿಗೆ ಹೇಳಿದ್ರೆ ನಂಬಲ್ಲ.

ಅಂದಾಜು ಬೇಡ, ಎಣಿಸಿ. ನಾಲ್ಕು ಕಡ್ಡಿ ಕಟ್ಟಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ಮಾಡಿಕೊಳ್ಳಿ. ಗದ್ದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ನಡೆಯುತ್ತ ಹತ್ತು ಕಡೆ ಇಡಿ. ಹಾನಿ ಕಂಡ ಕಡೆಯೇ ಇಡುವ ಆಸೆ ಆಗುತ್ತದೆ, ಆದರೆ ಇಂತಿಷ್ಟು ಹೆಜ್ಜೆಗೆ ಒಮ್ಮೆ ಎಂದು ಮೊದಲೇ ಗೊತ್ತು ಮಾಡಿಕೊಂಡು ಅಲ್ಲೇ ಇಡಬೇಕು. ಚೌಕಟ್ಟಿನೊಳಗೆ ಒಟ್ಟು ಬುಡ ಎಷ್ಟು, ಹಾಳಾದದ್ದು ಎಷ್ಟು ಬರೆದುಕೊಳ್ಳಿ. ಹತ್ತು ಕಡೆ ಸೇರಿ 250 ಬುಡದಲ್ಲಿ 20 ಹಾಳಾಗಿದ್ದರೆ ನೂರಕ್ಕೆ 8. ಪ್ರತಿ ಸಲ ಚೌಕಟ್ಟಿನ ಸಮೇತ ಫೋಟೋ ತೆಗೆಯಿರಿ.

ಹೀಗೆ ಎಣಿಸಿದ ಮೇಲೆ ಎಷ್ಟೋ ಜನ ‘ಅರ್ಧ ಗದ್ದೆ ಹೋಯ್ತು ಅಂದ್ಕೊಂಡಿದ್ದೆ, ಇಷ್ಟೇನಾ?’ ಎಂದಿದ್ದಾರೆ. ಅಂಚಿನ ಹಾನಿ ಕಣ್ಣಿಗೆ ದೊಡ್ಡದಾಗಿ ಹೊಡೆಯುತ್ತದೆ.

ತಿಂದು ಹೋದ ಪೈರು ಮತ್ತೆ ಬರುತ್ತಾ, ಇಲ್ಲ ಹೊಸದಾಗಿ ಹಾಕ್ಬೇಕಾ?

ಎಲೆ ತುದಿ ಮಾತ್ರ ಹೋಗಿದ್ದರೆ ಬರುತ್ತದೆ. ಭತ್ತಕ್ಕೆ ತೆಂಡೆ ಒಡೆಯುವ ಗುಣ ಇರುವುದರಿಂದ ಅಕ್ಕಪಕ್ಕದ ಬುಡಗಳೂ ಹರಡಿಕೊಂಡು ಸಣ್ಣ ಖಾಲಿ ಜಾಗವನ್ನು ತುಂಬುತ್ತವೆ. ಬುಡವೇ ಕಿತ್ತು ಹೋಗಿದ್ದರೆ ಸಸಿ ಕೂರಿಸಲೇಬೇಕು, ಅದೂ ನೆಟ್ಟಿಯಾದ ಎರಡು ವಾರದೊಳಗೆ. ತಡವಾದರೆ ಒಂದೇ ಗದ್ದೆಯಲ್ಲಿ ಎರಡು ವಯಸ್ಸಿನ ಪೈರಾಗಿ ಕೊಯ್ಲಿಗೆ ತೊಂದರೆ. ಇದಕ್ಕೆಂದೇ ನೆಟ್ಟಿಯ ದಿನ ನಾಲ್ಕಾರು ಕಟ್ಟು ಅಗೆಯನ್ನು (ಮಡಿಯಿಂದ ಕಿತ್ತ ಸಸಿಯನ್ನು) ಗದ್ದೆಯ ಮೂಲೆಯಲ್ಲಿ ಒತ್ತೊತ್ತಾಗಿ ಊರಿಟ್ಟಿರಿ.

ಹಾಲುಗಾಳಿನ ಹಂತದಲ್ಲಿ ಹೋದದ್ದು ಹೋಯಿತು. ಅದು ಮರಳುವುದಿಲ್ಲ.

## ಕಾಯುವ ಕೆಲಸ

ಸಸಿಮಡಿ ಉಳಿಸ್ಕೊಳ್ಳೋಕೆ ಖರ್ಚಿಲ್ಲದ ದಾರಿ ಯಾವ್ದಾದ್ರೂ ಇದ್ರೆ ಹೇಳಿ.

ಇದೆ, ನೀರು ಬಸಿಯುವುದು. ಬಾತಿಗೆ ನೀರು ನಿಂತಿದ್ದರೆ ಮಾತ್ರ ಕೊಕ್ಕಿನಲ್ಲಿ ಜಾಲಿಸಲು ಸಲೀಸು. ಮಡಿಯನ್ನು ಚೆನ್ನಾಗಿ ಸಮ ಮಾಡಿ, ನೀರು ಪೂರ್ತಿ ಬಸಿದು, ಕೆಸರು ಹದವಾಗಿ ಕೂತ ಮೇಲೆ ಮೊಳಕೆ ಕಟ್ಟಿದ ಬೀಜ ಎರಚಿ. ಎರಚುವುದನ್ನು ಬೆಳಗಿನ ಹೊತ್ತಿಗೆ ಮುಗಿಸಿದರೆ ಸಂಜೆಯೊಳಗೆ ಬೀಜ ಸ್ವಲ್ಪವಾದರೂ ಮಣ್ಣು ಕಚ್ಚಿರುತ್ತದೆ. ತಗ್ಗಿನಲ್ಲಿ ನೀರು ಮಡುಗಟ್ಟಿದರೆ ಆ ತಗ್ಗೇ ಬಾತಿನ ತಟ್ಟೆಯಾಗುತ್ತದೆ. ಕಾಲ್ಬೆರಳಲ್ಲಿ ಗೀರಿ ಸಣ್ಣ ಕಾಲುವೆ ಮಾಡಿ ಆ ನೀರನ್ನು ಹೊರಗೆ ಬಿಡಿ.

ಇದರ ಮೇಲೆ ಮೂರು-ನಾಲ್ಕು ದಿನ ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ತೆಳ್ಳಗೆ ಹಾಸಿದರೆ ನವಿಲೂ ಮುಟ್ಟುವುದಿಲ್ಲ. ಮೊಳಕೆ ಹಸಿರಾಗುವ ಹೊತ್ತಿಗೆ ಸೋಗೆ ತೆಗೆಯಲು ಮರೆಯಬಾರದು. ಮರೆತರೆ ಸಸಿ ಬಿಳಿಚಿಕೊಂಡು ನೀಳವಾಗುತ್ತದೆ.

ಇನ್ನೊಂದು ದಾರಿ, ಮಡಿಯನ್ನು ಕೆರೆಯ ಬುಡದಲ್ಲಿ ಮಾಡದೆ ಮನೆ ಹತ್ತಿರದ ಎತ್ತರದ ಮಕ್ಕಿ ಗದ್ದೆಯಲ್ಲೋ ಹಿತ್ತಿಲಿನಲ್ಲೋ ಮಾಡುವುದು. ನಾಟಿ ಯಂತ್ರಕ್ಕೆ ತಟ್ಟೆಯಲ್ಲಿ ಸಸಿ ಬೆಳೆಸುವವರಿಗೆ ಇದು ಇನ್ನೂ ಸುಲಭ, ತಟ್ಟೆಗಳನ್ನು ಅಂಗಳದಲ್ಲೇ ಇಟ್ಟು ಮುಚ್ಚಬಹುದು. ಕೂರಿಗೆಯಲ್ಲಿ ಒಣ ಬಿತ್ತನೆ ಮಾಡುವವರಿಗೆ ಬಾತಿನ ಭಯ ಕಡಿಮೆ, ನವಿಲಿನ ಭಯ ಹೆಚ್ಚು. ಬೀಜ ಮೇಲೆ ಉಳಿಯದಂತೆ ಕೊರಡು ಎಳೆಯಬೇಕು.

ಬೆರ್ಚಪ್ಪ ನಿಲ್ಸಿದ್ವಿ, ಹೊಳೆಯೋ ಟೇಪ್ ಕಟ್ಟಿದ್ವಿ. ನಾಲ್ಕು ದಿನ ಆದ್ಮೇಲೆ ಅದ್ರ ಪಕ್ಕಾನೇ ಕೂತ್ಕೊಂಡ್ ತಿಂತಾವೆ. ಏನ್ಮಾಡೋದು?

ಅಲುಗಾಡದ ವಸ್ತುವಿನಿಂದ ತನಗೇನೂ ಆಗುವುದಿಲ್ಲ ಎಂದು ಹಕ್ಕಿಗೆ ಗೊತ್ತಾಗಲು ಬಹಳ ದಿನ ಬೇಕಿಲ್ಲ. ಆದ್ದರಿಂದ ಕಿಟಕಿ ತೆರೆದ ದಿನಗಳಿಗೆ ಮಾತ್ರ ಹಚ್ಚಿ, ಆಮೇಲೆ ಕಿತ್ತಿಡಿ. ವರ್ಷವಿಡೀ ನಿಂತ ಬೆರ್ಚಪ್ಪ ಕಾಗೆ ಕೂರುವ ಕಂಬವಾಗುತ್ತಾನೆ.

ಟೇಪನ್ನು ಮೂರರಿಂದ ಐದು ಮೀಟರಿಗೊಂದು ಸಾಲಿನಂತೆ, ಪೈರಿಗಿಂತ ಒಂದು ಗೇಣು ಮೇಲೆ, ನಾಲ್ಕಾರು ಸುತ್ತು ತಿರುಚಿ ಕಟ್ಟಿ. ತಿರುಚಿದರೆ ಗಾಳಿಗೆ ಗುಂಯ್ ಎನ್ನುತ್ತದೆ, ಬೆಳಕೂ ಮಿಂಚಿ ಮಿಂಚಿ ಬರುತ್ತದೆ. ಬಿಗಿಯಾಗಿ ಕಟ್ಟಿದರೆ ಹರಿಯುತ್ತದೆ, ಸಡಿಲವಾದರೆ ಪೈರಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ ಬರುವ ಸಿಳ್ಳೆಬಾತಿಗೆ ಟೇಪ್ ಅಷ್ಟಾಗಿ ನಾಟುವುದಿಲ್ಲ. ಅದಕ್ಕೆ ಜಾಗ ಬದಲಿಸುವ ದೀಪ, ಮನುಷ್ಯನ ಓಡಾಟ ಬೇಕು. ಸಂಜೆ ಏಳರಿಂದ ಒಂಬತ್ತರವರೆಗೆ, ಬಾತುಗಳು ಇಳಿಯುವ ಹೊತ್ತಿಗೆ, ಟಾರ್ಚು ಹಿಡಿದು ಅಂಚಿನ ಮೇಲೆ ಎರಡು ಸುತ್ತು ಹಾಕುವುದು ಯಾವ ಸಾಮಾನಿಗಿಂತಲೂ ಮೇಲು. ಮೊದಲು ಇಳಿಯುವ ನಾಲ್ಕು ಹಕ್ಕಿಯನ್ನು ಎಬ್ಬಿಸಿದರೆ ಹಿಂದಿನ ನಲವತ್ತು ಬೇರೆ ಕಡೆ ತಿರುಗುತ್ತವೆ.

ಮಾಳ ಕಟ್ಟಿ ಕಾಯುವವರಿಗೆ ಒಂದು ಮಾತು. ಬೇಸಿಗೆ ಬೆಳೆ ಕಾಡಂಚಿನಲ್ಲಿದ್ದರೆ ಉಣುಗಿನ ಬಗ್ಗೆ ಹುಷಾರಾಗಿರಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲೇ. ತರಗೆಲೆ ಮೇಲೆ ಕೂರಬೇಡಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ, ಮನೆಗೆ ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ನೆನೆಸಿ.

ಪಟಾಕಿ ಹೊಡೆದ್ರೆ? ಗ್ಯಾಸ್ ಗನ್ನು ಬಂದಿದೆಯಂತಲ್ಲ?

ಒಂದೇ ಜಾಗದಲ್ಲಿ, ಒಂದೇ ಅಂತರದಲ್ಲಿ ಢಂ ಎಂದರೆ ಅದಕ್ಕೂ ಒಗ್ಗಿಕೊಳ್ಳುತ್ತವೆ. ಬಳಸುವುದಾದರೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಸದ್ದಿನ ಜೊತೆ ಮನುಷ್ಯನೂ ಕಾಣಿಸಿಕೊಳ್ಳಬೇಕು. ತಮಟೆ, ತಗಡಿನ ಡಬ್ಬವೂ ಇದೇ ಕೆಲಸ ಮಾಡುತ್ತವೆ. ಆಹಾರದಲ್ಲಿ ಸುತ್ತಿಡುವ ಸಿಡಿಮದ್ದು, ಕರೆಂಟಿನ ನೇರ ಲೈನು ಕೊಟ್ಟ ತಂತಿ, ಇವೆರಡರ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ. ದನ, ನಾಯಿ, ಆನೆ, ಮನೆಯ ಮಕ್ಕಳು, ಯಾರ ಜೀವವನ್ನೂ ಅವು ಬಿಡುವುದಿಲ್ಲ.

ಗದ್ದೇಲಿ ಓಡ್ಸೋದ್ಯಾಕೆ? ಕೆರೆಯಿಂದಲೇ ಎಬ್ಬಿಸಿ ಊರಾಚೆ ಓಡಿಸಿಬಿಟ್ರೆ ಆಗಲ್ವಾ?

ಎಲ್ಲಕ್ಕಿಂತ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡಿದ ಉಪಾಯವೂ ಇದೇ.

ಕೆರೆ ಹಕ್ಕಿಯ ಮನೆ, ಗದ್ದೆ ಅದರ ಊಟದ ಜಾಗ. ಮನೆಯಲ್ಲಿ ಹಗಲು ನೆಮ್ಮದಿಯಾಗಿ ವಿಶ್ರಾಂತಿ ಸಿಕ್ಕರೆ, ಕೆರೆಯಲ್ಲೇ ಇರುವ ಜಲಸಸ್ಯ, ಬೀಜ, ಹುಳ ತಿಂದುಕೊಂಡರೆ, ಅದು ಗದ್ದೆಗೆ ಕಡಿಮೆ ಹೊತ್ತು ಬರುತ್ತದೆ. ಹಗಲೆಲ್ಲ ಕೆರೆಯಲ್ಲಿ ಪಟಾಕಿ ಹೊಡೆದು ಎಬ್ಬಿಸುತ್ತಿದ್ದರೆ ಅದು ಹಾರಾಟಕ್ಕೆ ಮೈಯ ಕಸುವು ಕಳೆದುಕೊಳ್ಳುತ್ತದೆ. ಕಳೆದದ್ದನ್ನು ತುಂಬಿಕೊಳ್ಳಲು ರಾತ್ರಿ ಇನ್ನಷ್ಟು ತಿನ್ನುತ್ತದೆ, ಅದೂ ಒಂದು ಕಡೆಯಲ್ಲ, ಚೆದುರಿ ಹತ್ತು ಕಡೆ. ಒಂದು ವರ್ಷ ನಮ್ಮ ಕೆರೆಯಲ್ಲಿ ಹುಡುಗರು ಹೀಗೆ ಮೂರು ದಿನ ಎಬ್ಬಿಸಿದರು. ಅದುವರೆಗೆ ತೂಬಿನ ಹತ್ತಿರದ ನಾಲ್ಕು ಗದ್ದೆಗೆ ಮಾತ್ರ ಇದ್ದ ಕಾಟ ಕೆಳಗಿನ ಬೈಲಿಗೂ, ಪಕ್ಕದ ಊರಿಗೂ ಹರಡಿತು. ಆ ಊರಿನವರು ಅವರ ಕಡೆಯಿಂದ ಓಡಿಸಿದರು. ಹಕ್ಕಿ ಎಲ್ಲಿಗೆ ಹೋಗಬೇಕು?

ನಮಗೆ ಹೊಂದಿದ ಕ್ರಮ ಹೀಗಿದೆ. ಕೆರೆಯ ನೀರಿನ ಮೇಲೆ ಯಾರೂ ಸದ್ದು ಮಾಡುವಂತಿಲ್ಲ. ಕಾಯಬೇಕಾದ ಗದ್ದೆಯಲ್ಲಿ ಹಕ್ಕಿಗೆ ಒಂದು ಗಳಿಗೆಯೂ ನೆಮ್ಮದಿ ಕೊಡುವಂತಿಲ್ಲ. ಕೆರೆಯ ಹಿನ್ನೀರಿನ ಕಡೆಯ ಕೂಳೆ ಗದ್ದೆ, ಬೀಳು ಜಾಗದಲ್ಲಿ ಇಳಿದರೆ ಯಾರೂ ಎಬ್ಬಿಸುವಂತಿಲ್ಲ. ಇಲ್ಲಿ ಭಯ, ಅಲ್ಲಿ ಅಭಯ ಎಂಬುದು ಹಕ್ಕಿಗೆ ವಾರದೊಳಗೆ ತಿಳಿಯುತ್ತದೆ. ಹೋಗಲು ಬೇರೆ ಜಾಗವೇ ಇಲ್ಲದ ಹಕ್ಕಿಯನ್ನು ಎಷ್ಟು ಹೆದರಿಸಿದರೂ ಸುತ್ತಿ ಬಂದು ಅಲ್ಲೇ ಇಳಿಯುತ್ತದೆ.

ಇದಕ್ಕೆ ಊರು ಒಂದಾಗಬೇಕು. ಅಚ್ಚುಕಟ್ಟಿನವರೆಲ್ಲ ಒಂದೇ ವಾರದಲ್ಲಿ ಬೀಜ ಎರಚಿದರೆ ಹಾನಿ ಹಂಚಿಹೋಗುತ್ತದೆ, ಕಾಯುವ ಸರದಿಯೂ ಹಂಚಿಹೋಗುತ್ತದೆ. ಎಲ್ಲರಿಗಿಂತ ಮೊದಲು ಹಾಕಿದವನ ಮಡಿಗೂ, ಎಲ್ಲರಿಗಿಂತ ತಡವಾಗಿ ಹಾಕಿದವನ ಮಡಿಗೂ ಊರಿನ ಹಕ್ಕಿಯೆಲ್ಲ ಬಂದು ಇಳಿಯುತ್ತವೆ. ಮಡಿ ಕಳೆದುಕೊಂಡ ವರ್ಷ ನಾನು ಎಲ್ಲರಿಗಿಂತ ಹನ್ನೆರಡು ದಿನ ಮೊದಲು ಹಾಕಿದ್ದೆ.

ಬಲೆ ಹಾಕಿದ್ರೆ ತಪ್ಪಾ?

ಮಡಿಯ ಮೇಲೆ ಚಪ್ಪರದ ಹಾಗೆ ಹಾಕುವುದು ತಪ್ಪಲ್ಲ. ಬಿದಿರಿನ ದಬ್ಬೆ ಬಾಗಿಸಿ ಊರಿ, ಅದರ ಮೇಲೆ ಬಲೆಯನ್ನು ಬಿಗಿಯಾಗಿ ಎಳೆದು, ಅಂಚನ್ನು ಮಣ್ಣಿನಲ್ಲಿ ಹೂಳಿ. ಸಡಿಲ ಬಲೆಯನ್ನು ನೆಲದ ಮೇಲೆ ಬಿಟ್ಟರೆ ಹಕ್ಕಿಯ ಕಾಲು ಸಿಕ್ಕಿ ಸಾಯುತ್ತದೆ. ಅದಕ್ಕಿಂತ ಹೆಚ್ಚಾಗಿ ಕೇರೆಹಾವು ಸಿಕ್ಕಿಕೊಳ್ಳುತ್ತದೆ. ಇಲಿ ಹಿಡಿಯುವ ಹಾವನ್ನು ನಾವೇ ಕೊಂದ ಹಾಗಾಗುತ್ತದೆ. ಬೆಳಗ್ಗೆ-ಸಂಜೆ ನೋಡಿ, ಸಿಕ್ಕಿದ್ದನ್ನು ಕತ್ತರಿಯಿಂದ ಬಲೆ ಕತ್ತರಿಸಿ ಬಿಡಿಸಿ. ಬೇಕೆಂದೇ ಹಕ್ಕಿ ಹಿಡಿಯಲು ಒಡ್ಡುವ ಬಲೆ ಬೇಟೆಯೇ.

ಜಂಬುಕೋಳಿ ಕೂರೋ ಜೊಂಡನ್ನೇ ಸುಟ್ಟು ಹಾಕಿದ್ರೆ?

ಸುಡಬೇಡಿ. ಜೊಂಡು ಏರಿಯ ಅಲೆ ತಡೆಯುತ್ತದೆ, ಮೀನು ಮರಿ ಮಾಡುವುದೂ ಅಲ್ಲೇ. ಆದರೆ ಜೊಂಡು ಗದ್ದೆಯ ಅಂಚಿಗೇ ತಾಗಿ ಬೆಳೆದಿದ್ದರೆ ಹದಿನೈದು ಅಡಿಯಷ್ಟು ಪಟ್ಟಿಯನ್ನು ಕೊಯ್ದು ಬಯಲು ಮಾಡುವುದು ಬಹಳ ಉಪಯೋಗ. ಜಂಬುಕೋಳಿ ಮರೆ ಬಿಟ್ಟು ದೂರ ನಡೆಯಲು ಹೆದರುತ್ತದೆ. ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಬೇಕು, ಮಳೆ ಹಿಡಿದ ಮೇಲೆ ಜೊಂಡಿನೊಳಗೆ ಗೂಡು, ಮೊಟ್ಟೆ ಇರುತ್ತವೆ. ಕೆರೆ ಯಾರ ಸುಪರ್ದಿನಲ್ಲಿದೆ ನೋಡಿ, ಪಂಚಾಯಿತಿಗೋ ಸಣ್ಣ ನೀರಾವರಿ ಇಲಾಖೆಗೋ ತಿಳಿಸಿಯೇ ಮಾಡಿ. ಕೊಯ್ದ ಜೊಂಡು ಕೊಟ್ಟಿಗೆಗೆ ಹಾಸಲು ಆಗುತ್ತದೆ.

ಡ್ರೋನ್ ಬಿಟ್ರೆ ಹೇಗೆ? ಔಷಧಿ ಹೊಡೆಯೋಕೆ ಹೇಗೂ ಬಾಡಿಗೆಗೆ ಸಿಗುತ್ತೆ.

ಒಂದೆರಡು ದಿನದ ತುರ್ತಿಗೆ ಆದೀತು. ಅದೂ ಕಾಯಬೇಕಾದ ಗದ್ದೆಯ ಮೇಲೆ ಮಾತ್ರ, ಕೆರೆಯ ಮೇಲಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಅದರ ಸುತ್ತಮುತ್ತ ಡ್ರೋನ್ ಹಾರಿಸಲು ಅನುಮತಿ ಬೇಕು. ಹಕ್ಕಿ ಬೆದರಿಸಲು ಲೇಸರ್ ಬೆಳಕು ಬಳಸುವವರೂ ಅದನ್ನು ಆಕಾಶದ ಕಡೆ ಬೀರಿದರೆ ಪೈಲಟ್ ಕಣ್ಣಿಗೆ ಅಪಾಯ. ಗುಡವಿ, ಮಂಡಗದ್ದೆ ಪಕ್ಷಿಧಾಮಗಳ ಹತ್ತಿರ ಗದ್ದೆ ಇದ್ದವರು ಅರಣ್ಯ ಇಲಾಖೆಯನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

## ಕಾನೂನು, ಪರಿಹಾರ

ಒಂದೆರಡು ಹೊಡೆದು ನೇತು ಹಾಕಿದ್ರೆ ಉಳಿದವು ಬರಲ್ಲ ಅಂತಾರೆ. ಬೆಳೆ ರಕ್ಷಣೆ ಕೋವಿ ಲೈಸೆನ್ಸ್ ಇದೆ ನಮ್ಮತ್ರ.

ಕೋವಿಯ ಲೈಸೆನ್ಸು ಕೋವಿ ಇಟ್ಟುಕೊಳ್ಳಲು, ಸಂರಕ್ಷಿತ ಪ್ರಾಣಿ ಹೊಡೆಯಲು ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ, ವಿಷ ಇಡುವುದು, ಉರುಲು ಹಾಕುವುದು, ಮೊಟ್ಟೆ-ಗೂಡು ಕೆಡಿಸುವುದೂ ಬೇಟೆಯೇ. ನವಿಲು ಮೊದಲನೇ ಅನುಸೂಚಿಯಲ್ಲಿದೆ.

ವಿಷದ ಕಾಳಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾರ್ಬೋಫ್ಯುರಾನ್‌ನಂಥ ಹರಳು ಔಷಧಿ ಕಲಸಿ ಇಟ್ಟ ಕಾಳನ್ನು ತಿನ್ನುವುದು ಬಾತು ಮಾತ್ರವಲ್ಲ. ಬೆಳ್ಳಕ್ಕಿ, ಕೋಳಿ ತಿಂದು ಸಾಯುತ್ತವೆ, ಸತ್ತ ಹಕ್ಕಿಯನ್ನು ನಾಯಿ ತಿನ್ನುತ್ತದೆ, ಅದೇ ನೀರನ್ನು ದನ ಕುಡಿಯುತ್ತದೆ. ಯಾರೋ ಸಿಟ್ಟಿನಲ್ಲಿ ಇಟ್ಟ ಕಾಳಿಗೆ ಹಾಲು ಕೊಡುವ ಎಮ್ಮೆ ಕಳೆದುಕೊಂಡ ಮನೆಯ ಅಂಗಳದಲ್ಲಿ ನಾನು ನಿಂತಿದ್ದೇನೆ. ಆ ಮನೆಯ ಅಮ್ಮ ಖಾಲಿ ಚೊಂಬು ಹಿಡಿದುಕೊಂಡೇ ಕೂತಿದ್ದರು.

ಆನೆ, ಕಾಟಿ ತುಳಿದ್ರೆ ದುಡ್ಡು ಕೊಡ್ತಾರೆ. ಹಕ್ಕಿ ತಿಂದ್ರೆ ಕೊಡಲ್ವಾ?

ಅರಣ್ಯ ಇಲಾಖೆಯ ಪರಿಹಾರ ಯಾವ ಪ್ರಾಣಿಗೆ ಸಿಗುತ್ತದೆ ಎಂಬುದು ಸರ್ಕಾರ ಆದೇಶದಲ್ಲಿ ಹೆಸರಿಸಿದ ಪಟ್ಟಿಯ ಮೇಲೆ ನಿಂತಿದೆ. ಆ ಪಟ್ಟಿ ಆಗಾಗ ಬದಲಾಗುತ್ತದೆ. ಬಿತ್ತನೆಗೆ ಮೊದಲೇ ನಿಮ್ಮ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಈಗ ಜಾರಿಯಲ್ಲಿರುವ ಆದೇಶ ನೋಡಿಕೊಳ್ಳಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ತಾರೀಖು ಕಾಣುವ ಫೋಟೋ, ನೀವೇ ಎಣಿಸಿದ ಲೆಕ್ಕ, ಇಷ್ಟನ್ನು ಸಿದ್ಧವಾಗಿಟ್ಟುಕೊಳ್ಳಿ. ಅರ್ಜಿ ಕೊಟ್ಟ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಬರಬೇಡಿ.

ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನು ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವ ತೀರ್ಮಾನವನ್ನು ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಯಾವ ಜಿಲ್ಲೆ, ಯಾವ ಪ್ರಾಣಿ ಎಂದು ಹೆಸರಿಸುವುದು ರಾಜ್ಯದ ಕೆಲಸ. ಹಾನಿಯಾದ 72 ಗಂಟೆಯೊಳಗೆ ಬೆಳೆ ವಿಮೆಯ ಆ್ಯಪ್‌ನಲ್ಲಿ ಫೋಟೋ ಸಮೇತ ತಿಳಿಸಬೇಕು. ಜಂಬುಕೋಳಿ, ಬಾತು, ನವಿಲಿನ ಹೆಸರು ಆ ಪಟ್ಟಿಗೆ ಬರಬೇಕಾದರೆ ಈಗಿನಿಂದಲೇ ಪ್ರತಿ ಹಾನಿಯನ್ನೂ ಬರವಣಿಗೆಯಲ್ಲಿ ಕೊಡುತ್ತಿರಬೇಕು. ಬಾಯಿಮಾತಿನ ದೂರಿಗೆ ಕಡತ ಇರುವುದಿಲ್ಲ.

## ಇನ್ನೂ ಮುಂದಕ್ಕೆ

ಬೇರೆ ದೇಶದಲ್ಲೂ ಈ ಗೋಳು ಇದೆಯಾ? ಅಲ್ಲಿ ಏನ್ಮಾಡ್ತಾರೆ?

ನಮಗಿಂತ ಬಹಳ ದೊಡ್ಡ ಪ್ರಮಾಣದಲ್ಲಿದೆ. ಸ್ಕಾಟ್ಲೆಂಡಿನ ಐಲಾ ದ್ವೀಪಕ್ಕೆ ಗ್ರೀನ್‌ಲ್ಯಾಂಡಿನಿಂದ ಪ್ರತಿ ಚಳಿಗಾಲ ಹೆಬ್ಬಾತುಗಳ ದಂಡೇ ಬಂದು ದನ-ಕುರಿಗೆಂದು ಬೆಳೆಸಿದ ಹುಲ್ಲನ್ನು ಮೇಯುತ್ತದೆ. ಅಲ್ಲಿ ಹಲವು ದಶಕಗಳಿಂದ ರೈತರಿಗೆ ಸರ್ಕಾರದ ಹಣ ಸಲ್ಲುತ್ತದೆ. ನೆದರ್ಲೆಂಡ್ಸಿನಲ್ಲೂ ಹೆಬ್ಬಾತಿನ ಹಾನಿಗೆ ಪರಿಹಾರ ಇದೆ. ಕೆಲವು ಜಮೀನನ್ನು ಹಕ್ಕಿಗೆಂದು ಬಿಟ್ಟು ಅಲ್ಲಿ ಎಬ್ಬಿಸದೆ, ಉಳಿದ ಕಡೆ ಬಿಗಿಯಾಗಿ ಓಡಿಸುತ್ತಾರೆ. ಆದರೂ ರೈತರ ಅಸಮಾಧಾನ ಪೂರ್ತಿ ತೀರಿಲ್ಲ. ಹಕ್ಕಿ ಹೆಚ್ಚಿದಂತೆ ಹಣವೂ ಹೆಚ್ಚಬೇಕು, ಅದು ಸಲೀಸಲ್ಲ. ನಾವು ಅಲ್ಲಿಂದ ತರಬಹುದಾದದ್ದು ಹಣದ ಲೆಕ್ಕಕ್ಕಿಂತ ಆ ಜಾಗ ಹಂಚುವ ಬುದ್ಧಿ.

ಬಾತಿನಿಂದ ಗದ್ದೆಗೆ ಏನಾದ್ರೂ ಒಳ್ಳೇದು ಇದೆಯಾ, ಬರೀ ಹಾಳು ಮಾಡೋದೇನಾ?

ಕೊಯ್ಲಾದ ಮೇಲೆ ಬರುವ ಬಾತನ್ನು ಎಬ್ಬಿಸಬೇಡಿ. ಅದು ತಿನ್ನುವುದು ಉದುರಿದ ಕಾಳು, ಕಳೆಬೀಜ. ತುಳಿದು, ಕೆದಕಿ, ಹಿಕ್ಕೆ ಹಾಕಿ ಕೂಳೆ ಬೇಗ ಕೊಳೆಯುವಂತೆ ಮಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಭತ್ತದ ಹುಲ್ಲು ಸುಡುವುದಕ್ಕೆ ಕಾನೂನಿನ ಕಡಿವಾಣ ಬಿದ್ದ ಮೇಲೆ ರೈತರು ಕೊಯ್ಲಾದ ಗದ್ದೆಗೆ ನೀರು ನಿಲ್ಲಿಸತೊಡಗಿದರು. ಅಲ್ಲಿಗೆ ಬಾತು, ಹೆಬ್ಬಾತುಗಳು ಬಂದು ಇಳಿದವು, ಹುಲ್ಲು ಬೇಗ ಕರಗಿತು. ನಮ್ಮಲ್ಲಿ ಬೇಸಿಗೆ ಬೆಳೆ ಇಲ್ಲದ ಗದ್ದೆಗೆ ಇದನ್ನು ಮಾಡಿ ನೋಡಬಹುದು.

ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಚಿತ್ತಾರ ಬರೆದ ಬೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋಗಿ, ‘ಅಚ್ಚಂಬಲಿ, ಹಾಲಂಬಲಿ’ ಎಂದು ಕೂಗುತ್ತ ಚರಗ ಬೀರುತ್ತೇವಲ್ಲ, ನಮ್ಮಜ್ಜಿ ಅದರಲ್ಲಿ ಒಂದು ಹಿಡಿಯನ್ನು ಕೆರೆಯ ಕಡೆಗೂ ಎಸೆಯುತ್ತಿದ್ದಳು. ಅಷ್ಟೇ ಶ್ರದ್ಧೆಯಿಂದ ಮಾರನೇ ದಿನ ಡಬ್ಬ ಬಡಿದು ರಾಟವಾಳವನ್ನು ಓಡಿಸುತ್ತಿದ್ದಳು. ಎರಡರಲ್ಲೂ ಅವಳಿಗೆ ಗೊಂದಲವಿರಲಿಲ್ಲ.

ಕೆರೆ ಬಾತಿನಿಂದ ಮನೆ ಕೋಳಿಗೆ ರೋಗ ಬರುತ್ತಂತೆ, ನಿಜವಾ?

ಕಾಡು ನೀರುಹಕ್ಕಿಗಳು ಹಕ್ಕಿಜ್ವರದ ವೈರಾಣು ಹೊತ್ತಿರಬಹುದು. ಅವೂ ಅದಕ್ಕೆ ಬಲಿಯಾಗುತ್ತವೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಕೋಳಿ, ಸಾಕುಬಾತನ್ನು ಕೆರೆಗೆ ಬಿಡಬೇಡಿ, ಕೆರೆಯ ಕೆಸರು ಮೆತ್ತಿದ ಕಾಲಲ್ಲಿ ಗೂಡಿಗೆ ಹೋಗಬೇಡಿ. ಒಂದೇ ಕೆರೆಯಲ್ಲಿ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಕೈಯಲ್ಲಿ ಮುಟ್ಟದೆ ಪಶುವೈದ್ಯರಿಗೂ ಅರಣ್ಯ ಇಲಾಖೆಗೂ ತಿಳಿಸಿ.

ಕುತ್ತಿಗೆಗೆ ಬಣ್ಣದ ಪಟ್ಟಿ ಕಟ್ಟಿದ ಹೆಬ್ಬಾತು ಕಂಡ್ರೆ ಹಿಡೀಬೇಕಾ? ಯಾರದೋ ಸಾಕಿದ್ದಾ?

ಹಿಡಿಯಬೇಡಿ, ಸಾಕಿದ್ದಲ್ಲ. ಮಂಗೋಲಿಯಾದಲ್ಲಿ ಸಂಶೋಧಕರು ಹಾಕಿದ ಗುರುತು ಅದು. ಅಂಥ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲೂ ಕಂಡಿವೆ. ದೂರದಿಂದಲೇ, ಎಬ್ಬಿಸದೆ, ಫೋನನ್ನು ಬೈನಾಕ್ಯುಲರಿನ ಕಣ್ಣಿಗೆ ಒತ್ತಿ ಹಿಡಿದು ಫೋಟೋ ತೆಗೆಯಿರಿ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ-ಅಂಕಿ, ಕೆರೆಯ ಹೆಸರು, ದಿನ, ಹೊತ್ತು, ಜೊತೆಯಲ್ಲಿ ಎಷ್ಟು ಹಕ್ಕಿ ಇದ್ದವು, ಯಾವ ಹೊಲದಲ್ಲಿ ಏನು ತಿನ್ನುತ್ತಿತ್ತು, ಇಷ್ಟನ್ನೂ ಬರೆದು ಅರಣ್ಯ ಇಲಾಖೆಗೆ ಕೊಡಿ. ಏನು ತಿನ್ನುತ್ತಿತ್ತು ಎಂಬುದನ್ನು ಬಹಳ ಜನ ಬರೆಯುವುದೇ ಇಲ್ಲ. ಗದ್ದೆಯವರಾದ ನಾವು ಅದನ್ನು ಬಿಡದೆ ಬರೆಯಬೇಕು.